ತಂಗಿಯ ಕೆಮ್ಮಿಗೆ ಕಾರಣ

ಮಾರ್ಚ್ ೧೧, ಮಂಗಳವಾರ

ಗಿರಣಿಯ ಡಾಕ್ಟರು ಇವತ್ತು ತಂಗಿಯನ್ನು ನನ್ನ ತಾಯಿ ಅಂದುಕೊಂಡರು. “ಅಮ್ಮನಿಗೆ ವಯಸ್ಸಾಯ್ತಲ್ಲ, ಕೆಮ್ಮು ಇದ್ದದ್ದೇ,” ಅಂದರು. ನಾನು ಅವಳಿಗಿಂತ ಆರು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ಮನೆಯವರು ನನಗೆ ಓದು ಮುಗಿಸಲು ಬಿಟ್ಟರು, ಅವಳನ್ನು ಹದಿಮೂರಕ್ಕೇ ಈ ಗಿರಣಿಯ ಹತ್ತಿ ಹಿಂಜುವ ಕೋಣೆಗೆ ಕಳಿಸಿದರು. ಅಲ್ಲಿ ಎದುರಿಗಿರುವವರ ಮುಖ ಕಾಣದಷ್ಟು ಧೂಳು.

ತಪ್ಪು ಗೊತ್ತಾದ ಮೇಲೆ ಡಾಕ್ಟರು, “ಹಾಗಾದ್ರೆ ವಂಶದಲ್ಲೇ ಇರಬೇಕು,” ಅಂದರು.

“ನನ್ನದೂ ಅದೇ ವಂಶ. ನನ್ನ ಎದೆಯನ್ನೂ ನೋಡಿ,” ಅಂದೆ. ನೋಡಿದರು. ಏನೂ ಇರಲಿಲ್ಲ. “ಮತ್ತೆ, ಧೂಳಿನಿಂದ ಅಂತ ಬರೀರಿ.” ಹಾಗೆ ಬರೆದರೆ ಗಿರಣಿಯವರು ಅವಳಿಗೆ ಬೇರೆ ಕೆಲಸ ಕೊಡಲೇಬೇಕು. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಹೊರಗೆ ಬಂದು ತಂಗಿ ಏದುಸಿರಿನಲ್ಲೇ, “ನಡಿ ಮಗಳೇ, ಅಮ್ಮನ ಕೈ ಹಿಡ್ಕೋ,” ಅಂದಳು. ಇಬ್ಬರೂ ನಕ್ಕೆವು. ಆಮೇಲೆ, “ಬಿಡಕ್ಕಾ, ಅನ್ನ ಕೊಡೋರನ್ನ ಎದುರು ಹಾಕ್ಕೊಂಡು ಬದುಕೋಕಾಗತ್ತಾ?” ಅಂದಳು.

ಬಿಡುವುದಿಲ್ಲ. ಅವಳ ಕೋಣೆಯಲ್ಲಿ ಕೆಮ್ಮುವ ಹೆಂಗಸರು ಇನ್ನೂ ಎಂಟು ಜನರಿದ್ದಾರೆ. ಗಿರಣಿಯ ಮೆಟ್ಟಿಲು ಹತ್ತದ ಅಕ್ಕನೋ ತಮ್ಮನೋ ಎಲ್ಲರಿಗೂ ಇದ್ದಾರೆ. ಸಂಜೆ ಮನೆಮನೆಗೆ ಹೋಗಿ ಹೇಳಿ ಬಂದೆ, ನಾಳೆ ಆ ಎಂಟು ಜನರ ಜೊತೆಗೆ ಅವರೂ ಬರುತ್ತಾರೆ. ಡಾಕ್ಟರು ಒಬ್ಬೊಬ್ಬರ ಎದೆಗೂ ಕಿವಿ ಕೊಡಲಿ. ಒಂದೇ ಕೋಣೆಯಲ್ಲಿ ಒಂಬತ್ತು ವಂಶ ಕೆಟ್ಟಿದೆ ಅನ್ನುವುದಾದರೆ, ನಮ್ಮ ಮುಖ ನೋಡಿಕೊಂಡು ಹೇಳಲಿ.