ಕಚ್ಚು ಹೊಡೆದ ಮೂರ್ತಿ

ಅಕ್ಕನಿಗೆ ನಮಸ್ಕಾರ.

ಇಂದು ಸೋಮವಾರದ ಉಪವಾಸ. ಮಗಳ ಕೆಲಸದ ಶೆಡ್ಡು ಗುಡಿಸಿ, ದೇವರಿಗೆ ದೀಪ ಹಚ್ಚಿ ಬರೆಯಲು ಕೂತೆ. ಬಲೆ ಎಳೆದೆಳೆದು ಇಲ್ಲಿಯ ಕಡಲ ತಳ ಬೋಳಾಗಿದೆಯಂತೆ. ಮೀನಿಗೆ ಮತ್ತೆ ನೆಲೆಯಾಗಲೆಂದು ಮಗಳು ಸಿಮೆಂಟಿನ ಮೂರ್ತಿ ಮಾಡಿ ಮುಳುಗಿಸುತ್ತಾಳೆ. ಮಗಳ ಮನೆಗೆ ಬಂದ ವಾರವೇ ನಾನೊಂದು ಎಡವಟ್ಟು ಮಾಡಿದೆ. ಕೂತ ಹೆಂಗಸಿನ ಹಸಿ ಮೂರ್ತಿ ಒರಟಾಗಿದೆಯೆಂದು ಕರಣೆಯಿಂದ ನುಣ್ಣಗೆ ತೀಡಿಟ್ಟೆ.

“ಅಮ್ಮಾ, ಒರಟಿದ್ರೆ ತಾನೇ ಚಿಪ್ಪು, ಪಾಚಿ ಹಿಡ್ಕೊಳ್ಳೋದು? ಮೀನಿನ ಮನೆಗೆ ಪಾಲಿಶ್ ಹೊಡೆದ್ಬಿಟ್ಟೆಯಲ್ಲ, ತಿಂಗಳ ಕೆಲಸ ಹೋಯ್ತು” ಎಂದು ಮಗಳು ತಲೆ ಮೇಲೆ ಕೈ ಹೊತ್ತು ಕೂತಳು.

ಆಗ ನೀನು ಕಲಿಸಿದ್ದು ನೆನಪಾಯಿತು. ಸವೆದು ನುಣುಪಾದ ಬೀಸುವ ಕಲ್ಲಿಗೆ ನಾವು ಹೊಡೆಯುತ್ತಿದ್ದ ಹಾಗೆಯೇ ಎರಡು ದಿನ ಉಳಿ ಹಿಡಿದು ಮೂರ್ತಿಯ ಮೈಗೆಲ್ಲ ಕಚ್ಚು ಹೊಡೆದೆ. ಅದನ್ನು ಮುಳುಗಿಸಿ ಮೂರು ತಿಂಗಳಾಯಿತು. ನಿನ್ನೆ ಮೂರ್ತಿಗಳನ್ನು ನೋಡಿಬರಲು ಕಡಲಿಗಿಳಿದಿದ್ದ ಮುಳುಗುಗಾರ ಮೇಲೆ ಬಂದವನೇ, “ಮಿಕ್ಕವು ಇನ್ನೂ ಬೋಳು. ನಿಮ್ಮವಳ ಮಡಿಲಲ್ಲಿ ಮೀನು ಮೊಟ್ಟೆ ಇಟ್ಟಿದೆ, ಬಾಣಂತನಕ್ಕೆ ರೆಡಿಯಾಗಿ” ಎಂದ.

ದೇವರು ದೊಡ್ಡವನು, ನೀನೂ. ಮಂಡಿನೋವು ಕಡಿಮೆಯಿದೆ. ಇನ್ನೂ ಆರು ಮೂರ್ತಿಗೆ ಕಚ್ಚು ಹೊಡೆಯಲು ಮಗಳೇ ಹೇಳಿದ್ದಾಳೆ; ನಿನ್ನ ಹಳೆ ಉಳಿ ಕಳಿಸು. ಅದನ್ನೂ ನಿನ್ನ ಉತ್ತರವನ್ನೂ ಅಂಚೆ ಕಚೇರಿಯಿಂದ ತಂದುಕೊಡಪ್ಪಾ ಎಂದು ಮುಳುಗುಗಾರನಿಗೆ ಹೇಳಿಟ್ಟಿದ್ದೇನೆ.

ನಿನ್ನ ತಂಗಿ