ಮರದ ಮೇಲಿನ ಗೂಡೆ

1935 ಜುಲೈ 9

ಗಂಜಿ ಕುಡಿದು ಪೇಪರಿಗೆ ಕಾದೆ. ಬರಲಿಲ್ಲ. ಹೊಳೆ ತುಂಬಿದೆ, ಟಪ್ಪಾಲಿನವ ಭಾಗಮಂಡಲದಲ್ಲೇ ಉಳಿದಿದ್ದಾನಂತೆ. ಹಳೆಯ ಪೇಪರನ್ನೇ ಮತ್ತೆ ತಿರುವಿ ಹಾಕಿದೆ. ರಸ್ತೆ ವಿಷಯ ನಾನು ಬರೆದ ಕಾಗದ ಈ ಸಲವೂ ಅಚ್ಚಾಗಿಲ್ಲ. ಮಡಿಕೇರಿ ಕಚೇರಿಯಲ್ಲಿ ಆಯುಸ್ಸೆಲ್ಲ ಬರೆದವನ ಕನ್ನಡ ಇವರಿಗೆ ಉದ್ದವಾಯಿತಂತೆ!

ಮಧ್ಯಾಹ್ನ ಶಾಲೆಗೆ. ಕಮಿಟಿ ಮೆಂಬರ್ ಅಂದಮೇಲೆ ಹೋಗಿ ನೋಡಬೇಡವೆ. ದೇರಪ್ಪನೂ ಮೆಂಬರೇ, ಏಲಕ್ಕಿ ತೋಟ ಬಿಟ್ಟು ಅಲುಗಾಡುವುದಿಲ್ಲ.

ಹೊಸ ಮಾಷ್ಟ್ರು ಪೂವಯ್ಯ. ಟ್ರೈನಿಂಗ್ ಮುಗಿಸಿ ನೇರ ಇಲ್ಲಿಗೇ ಬಂದವನು. ಮೀಸೆ ಇನ್ನೂ ಗಟ್ಟಿಯಾಗಿಲ್ಲ, ಕೆಲಸವೂ ಅಷ್ಟೆ. ಇನ್ಸ್‌ಪೆಕ್ಟರ್ ಬಂದು ನೋಡಿ ಒಳ್ಳೆಯದು ಬರೆದರೆ ಖಾಯಂ. ಹಿಂದಿನ ಮಾಷ್ಟ್ರು ಬಿಟ್ಟುಹೋದ ಬೆತ್ತವನ್ನು ಎರಡು ಮೊಳೆಗಳ ನಡುವೆ ಕಟ್ಟಿ ಅದರ ಮೇಲೆ ಪಂಚೆ ಒಣಹಾಕಿದ್ದಾನೆ. ನೋಡಿ ನಗು ಬಂತು. ಬೆತ್ತಕ್ಕೆ ಇಷ್ಟು ಒಳ್ಳೆಯ ಕೆಲಸ ಈ ಊರಲ್ಲಿ ಯಾರೂ ಕೊಟ್ಟಿರಲಿಲ್ಲ.

ಜುಲೈ 16

ಇವತ್ತಿನದು ಬರೆದಿಡಲೇಬೇಕು.

ಒಂದನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಪಾಠ ಇದೆ. ನನಗೆ ಬಾಯಿಪಾಠ, ಊರಿಗೆಲ್ಲ ಬಾಯಿಪಾಠ. ‘ಮರದ ಮೇಲೆ ಏನು? ಮನೆಯೆ? ಅಲ್ಲ. ಗೂಡೆ? ಹೌದು, ಗೂಡೆ.’ ಹಿಂದಿನ ಮಾಷ್ಟ್ರ ಕಾಲದಲ್ಲಿ ಮಕ್ಕಳು ಇದನ್ನು ರಾಗವಾಗಿ ಕೂಗುತ್ತಿದ್ದರು, ರಸ್ತೆಯಲ್ಲಿ ಹೋಗುವವರ ಎತ್ತುಗಳಿಗೂ ಬಂದುಹೋಗಿತ್ತು.

ಪೂವಯ್ಯ ಕೂಗಿಸಲಿಲ್ಲ. ‘ಓದಿದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿ’ ಅಂದನಂತೆ—ಅಕ್ಷರ ಅಲ್ಲ, ಚಿತ್ರ. ಸಂಜೆ ಸ್ಲೇಟುಗಳನ್ನು ಹೊತ್ತುಕೊಂಡು ನಮ್ಮ ಜಗಲಿಗೇ ಬಂದ.

“ಅಜ್ಜ, ಇದ್ ನೋಡಿ. ಎಲ್ಲರ ಮರದ ಮೇಲೂ ಒಂದೊಂದ್ ಗೂಡೆ ಉಟ್ಟು!”

ನೋಡಿದೆ. ಪ್ರತಿ ಮರದ ಮೇಲೆ ಒಬ್ಬಳು ಹುಡುಗಿ. ಒಬ್ಬಳಿಗೆ ಎರಡು ಜಡೆ. ಕೂಲಿ ಕೆಲಸದ ಕೆಂಚಿಯ ಮಗಳು ಮುದ್ದಿ ಬರೆದವಳಿಗೆ ಓಲೆ ಕೂಡ ಇತ್ತು, ಕಾಲು ಇಳಿಬಿಟ್ಟು ಕೂತಿದ್ದಳು.

ನಮ್ಮ ಅರೆಭಾಷೆಯಲ್ಲಿ ಗೂಡೆ ಅಂದರೆ ಹುಡುಗಿ. ಹಕ್ಕಿಯ ಗೂಡು ಯಾರ ತಲೆಗೂ ಬಂದಿಲ್ಲ. ಪುಸ್ತಕ ಬರೆದವನು ಬಯಲುಸೀಮೆಯಲ್ಲಿ ಕೂತು ಪ್ರಶ್ನೆಗೊಂದು ‘ಎ’ಕಾರ ಸೇರಿಸಿದ, ನಮ್ಮ ಮಕ್ಕಳು ಹುಡುಗಿಯನ್ನು ಮರ ಹತ್ತಿಸಿದರು.

ನನ್ನ ಹೆಂಡತಿ ಬೊಳ್ಳಮ್ಮ ಒಳಗಿಂದ ಬಂದು ನೋಡಿ ನಕ್ಕು ನಕ್ಕು ಸೆರಗು ಬಾಯಿಗೆ ಹಿಡಿದಳು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಹೋದ ವರ್ಷ ಇದೇ ಪಾಠವನ್ನು ಇನ್ಸ್‌ಪೆಕ್ಟರ್ ಕೇಳಿದ್ದರು. ಇಡೀ ಕ್ಲಾಸು ‘ಗೂಡೆ’ ಎಂದು ಕೂಗಿತು. ಶಾಬಾಸ್ ಅಂದರು, ‘ಉತ್ತಮ’ ಎಂದು ಬರೆದರು. ನಾನು ಎಳನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನಗೂ ಹೊಳೆಯಲಿಲ್ಲ. ಈ ನೆಲದವನು ನಾನು!

ಆಗಸ್ಟ್ 3

ಪೂವಯ್ಯನ ಕ್ರಮ ಈಗ ಅರ್ಥವಾಗುತ್ತಿದೆ. ಮೊದಲು ಮನೆಯ ಮಾತು, ಆಮೇಲೆ ಪುಸ್ತಕದ ಮಾತು. ಮಕ್ಕಳು ದಿನಕ್ಕೊಂದು ಮನೆಮಾತನ್ನು ತರಬೇಕು. ಗೌಡರ ಮಕ್ಕಳು ಅರೆಭಾಷೆಯದ್ದು, ಅಂಗಡಿಯವನ ಮಗ ಮಲಯಾಳದ್ದು. ಬೋರ್ಡಿನಲ್ಲಿ ಪಕ್ಕಪಕ್ಕ ಬರೆದು, ಪುಸ್ತಕ ಇದಕ್ಕೆ ಏನನ್ನುತ್ತದೆ ಎಂದು ಹುಡುಕುತ್ತಾರೆ. ಲೆಕ್ಕವೆಲ್ಲ ಹುಣಸೆಬೀಜದಲ್ಲಿ. ಮಳೆ ಬಿಟ್ಟರೆ ಹೊರಗೆ.

ನಾನು ತರಿಸುವ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಇದೇ ವಿಷಯ ಉದ್ದುದ್ದ ಬರುತ್ತದೆ: ಮಗು ತುಂಬಿಸುವ ಪಾತ್ರೆಯಲ್ಲ, ಕೈಯಿಂದ ಕಲಿಯುತ್ತದೆ, ಇತ್ಯಾದಿ. ಒಯ್ದು ಪೂವಯ್ಯನಿಗೆ ಓದಿ ಹೇಳಿದೆ. ಬಹಳ ಹೊತ್ತು ಓದಿದೆ. ಪಾಪ, ಕೇಳಿದ.

ಮುದ್ದಿ ಹೋದ ವರ್ಷವೂ ಒಂದನೇ ಕ್ಲಾಸಿನಲ್ಲೇ ಗೋಡೆಗಂಟಿ ಕೂರುತ್ತಿದ್ದವಳು, ಮೂಗಿ ಇರಬೇಕೆಂದುಕೊಂಡಿದ್ದೆ. ಈಗ ಪ್ರಶ್ನೆಯ ಮೇಲೆ ಪ್ರಶ್ನೆ. ಮಾಷ್ಟ್ರು ಬಚ್ಚಲಿಗೆ ಹೋದರೂ ಹೊರಗೆ ನಿಂತು ಕೇಳುತ್ತಾಳಂತೆ.

ಹಿಂದಿರುಗುವಾಗ ದೇರಪ್ಪ ಸಿಕ್ಕಿದ.

“ಎಂತ ಸಾಂತಪ್ಪಣ್ಣ, ಶಾಲೆಲಿ ಈಗ ಮನೆಮಾತ್ ಕಲಿಸುದಂತೆ? ಹಾಂಗಾರೆ ನಮ್ಮ ದನಕ್ಕೂ ಒಬ್ಬ ಮಾಷ್ಟ್ರು ಬೇಕು, ಅಂಬಾ ಕಲಿಸಿಕೆ.”

“ನಿನ್ನ ಕಾಲದಲ್ಲೇ ಒಬ್ಬ ಇದ್ದಿದ್ದರೆ ಚೆನ್ನಾಗಿತ್ತು” ಅಂದೆ. ಮುಖ ಊದಿಸಿಕೊಂಡು ಹೋದ. ಹೋಗಲಿ.

ಅಕ್ಟೋಬರ್ 20

ಕಾವೇರಿ ಸಂಕ್ರಮಣಕ್ಕೆ ಬಂದ ಜನ ಇಳಿದುಹೋಗಿದ್ದಾರೆ. ಇನ್ಸ್‌ಪೆಕ್ಟರ್ ಗುರುವಾರ ಬರುತ್ತಾರೆಂದು ಆಳು ಬಂದು ಹೇಳಿದ. ಹೋದ ವರ್ಷದವರೇ.

ಸಂಜೆ ಪೂವಯ್ಯ ಬಂದ. ಕೂತ, ಎದ್ದ, ಮತ್ತೆ ಕೂತ.

“ಅಜ್ಜ, ಕೋಪ ಮಾಡ್‌ಬೇಡಿ. ಗುರುವಾರ ನೀವು ಬನ್ನಿ, ಕುದ್ರಿ... ಮಾತ್ರ ಎಂತದೂ ಹೇಳ್‌ಬೇಡಿ. ನಾ ನೋಡ್ಕಂಬೆ.”

“ನಾನೇನು ಮಗುವೆ?”

ಬೊಳ್ಳಮ್ಮ ಕಾಫಿ ಇಡುತ್ತಾ, “ಮಗು ಆಗಿದ್ರೆ ಹೇಳ್ದಂಗೆ ಕೇಳ್ತಿತ್ತ್” ಅಂದಳು.

ಪೂವಯ್ಯ ನಗಲಿಲ್ಲ. ಖಾಯಂ ಆದರೆ ಮುಂದಿನ ನಾಲ್ಕೈದು ವರ್ಷ ಇಲ್ಲೇ ಇರಲು ಕೇಳಿಕೊಳ್ಳುವೆ, ಈ ಮಕ್ಕಳನ್ನು ನಾಲ್ಕನೇ ಕ್ಲಾಸಿನವರೆಗೆ ಮುಟ್ಟಿಸಬೇಕು ಅಂದ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ.

ಅಕ್ಟೋಬರ್ 24, ಸಂಜೆ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎಲ್ಲ ಸರಿಯಾಗಿಯೇ ನಡೆಯಿತು ಮೊದಲಿಗೆ. ಲೆಕ್ಕ, ಕಾಪಿ, ಎಲ್ಲ. ಇನ್ಸ್‌ಪೆಕ್ಟರ್ ಗಂಭೀರ ಮನುಷ್ಯ, ಕೆಟ್ಟವರಲ್ಲ. ಒಂದನೇ ಕ್ಲಾಸಿಗೆ ಬಂದು ಅದೇ ಪುಟ ತೆಗೆದರು. ಮುದ್ದಿಯ ಕಡೆ ಬೆರಳು.

“ಮರದ ಮೇಲೆ ಏನಿದೆ?”

ಮುದ್ದಿ ಯೋಚಿಸಿದಳು. ನಿಜಕ್ಕೂ ಯೋಚಿಸಿದಳು, ಹುಬ್ಬು ಗಂಟಾಯಿತು.

“ಬೇಗ, ಬೇಗ.”

“ಯಾವ ಗೂಡೆ? ಪುಸ್ತಕದ ಗೂಡೆಯೊ, ನಮ್ಮ ಗೂಡೆಯೊ?”

ಅವರು ಪೂವಯ್ಯನ ಮುಖ ನೋಡಿದರು. ಅವನು ತಗ್ಗಿದ ದನಿಯಲ್ಲಿ ವಿವರಿಸಿದ—ಇವರ ಮನೆಮಾತಿನಲ್ಲಿ ಆ ಶಬ್ದಕ್ಕೆ ಹುಡುಗಿ ಎಂದರ್ಥ ಸ್ವಾಮಿ, ಯಾವ ಮಾತಿನಲ್ಲಿ ಉತ್ತರ ಬೇಕೆಂದು ಕೇಳುತ್ತಿದ್ದಾಳೆ. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದರು. ನಕ್ಕರು! “ಹಾಗೋ! ಒಳ್ಳೆಯ ಪ್ರಶ್ನೆಯೇ ಕೇಳಿದೆಯಮ್ಮ.” ಪೆನ್ನು ಕಾಗದಕ್ಕೆ ಮುಟ್ಟಿತ್ತು.

ಅಲ್ಲಿಗೆ ಮುಗಿದಿತ್ತು. ನಾನು ಎದ್ದು ನಿಂತೆ.

ಯಾಕೆ ನಿಂತೆ? ಹೋದ ವರ್ಷದ ಆ ಶಾಬಾಸ್ ಕಿವಿಯಲ್ಲಿತ್ತು. ಮೂಲೆಯಲ್ಲಿ ದೇರಪ್ಪ ಆಕಳಿಸುತ್ತಿದ್ದ. ಜುಲೈಯಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

“ತಾವು ಹೋದ ವರ್ಷ ಇದೇ ಜಾಗದಲ್ಲಿ ನಿಂತು ಇದೇ ಪಾಠ ಕೇಳಿದಿರಿ. ಶಾಬಾಸ್ ಅಂದಿರಿ. ಉತ್ತಮ ಎಂದು ಬರೆದಿರಿ. ಅವತ್ತು ಒಂದು ಮಗುವಿಗೂ ಅರ್ಥ ಗೊತ್ತಿರಲಿಲ್ಲ. ಮರದ ಮೇಲೆ ಹುಡುಗಿ ಕೂರಿಸಿದ್ದಕ್ಕೆ ತಾವು ಮಾರ್ಕು ಕೊಟ್ಟು ಹೋದಿರಿ. ಇದೇ ನಿಮ್ಮ ಇಲಾಖೆ ನಡೆಯುವ ರೀತಿ!”

ಇಂಗ್ಲಿಷ್ ಪತ್ರಿಕೆಯ ಮಾತುಗಳನ್ನೂ ಸೇರಿಸಿದೆ. ಎರಡು ವಾಕ್ಯ ಅವರಿಗೆ ಇಂಗ್ಲಿಷಿನಲ್ಲೇ ಹೇಳಿದೆ.

ದೇರಪ್ಪನಿಗೆ ನಿದ್ದೆ ಹಾರಿತು, ಗಹಗಹಿಸಿ ನಕ್ಕ. ದೊಡ್ಡವರು ನಕ್ಕರೆ ಮಕ್ಕಳು ಬಿಡುತ್ತಾರೆಯೆ. ಇಡೀ ಶಾಲೆ ನಕ್ಕಿತು. ಇನ್ಸ್‌ಪೆಕ್ಟರರ ಕಿವಿ ಕೆಂಪಾಯಿತು. ಪೆನ್ನಿನ ಮುಚ್ಚಳ ಹಾಕಿದರು. ಎಳನೀರು ಮುಟ್ಟಲಿಲ್ಲ.

ಪೂವಯ್ಯ ನನ್ನ ಕಡೆ ನೋಡಲಿಲ್ಲ. ನೆಲದ ಹುಣಸೆಬೀಜ ಹೆಕ್ಕುತ್ತಿದ್ದ.

ಅಕ್ಟೋಬರ್ 25

ನಾನು ಹೇಳಿದ್ದು ಸುಳ್ಳೇ? ಒಂದಕ್ಷರ ಸುಳ್ಳಲ್ಲ.

ನವೆಂಬರ್ 19

ಹೋದ ವಾರ ಆರ್ಡರ್ ಬಂತು. ಖಾಯಂ ಇಲ್ಲ. ಕ್ಲಾಸಿನಲ್ಲಿ ಗ್ರಾಮ್ಯ ಭಾಷೆ, ಶಿಸ್ತಿನ ಅಭಾವ, ಹೊರಗಿನವರ ಹಸ್ತಕ್ಷೇಪ. ಕೊಡ್ಲಿಪೇಟೆಗೆ ವರ್ಗ, ಅಲ್ಲಿಯ ಹೆಡ್ಮಾಷ್ಟ್ರ ಕೈಕೆಳಗೆ ಇನ್ನೊಂದು ವರ್ಷ ನೋಡುತ್ತಾರಂತೆ. ಕೊಡಗಿನ ಈ ತುದಿಯಿಂದ ಆ ತುದಿಗೆ.

ಮಡಿಕೇರಿಗೆ ಹೋಗಿ ಕ್ಷಮೆ ಕೇಳುತ್ತೇನೆಂದೆ. ಬೊಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು. “ನೀವು ಕ್ಷಮೆ ಕೇಳಿಕೆ ಹೋದ್ರೂ ಅಲ್ಲಿ ಭಾಷಣ ಮಾಡಿ ಬಂದೀರಿ.” ಆದರೂ ಹೋದೆ. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತೆ. ನಾನೇ ಎಷ್ಟೋ ಜನರನ್ನು ಕೂರಿಸಿದ್ದ ಬೆಂಚು. ಸಾಹೇಬರು ಸರ್ಕೀಟ್ ಹೋಗಿದ್ದಾರೆ, ಊರಲ್ಲಿಲ್ಲ ಎಂದು ಹೇಳಿ ಕಳಿಸಿದರು. ಅವರ ಕೊಡೆ ಮೂಲೆಯಲ್ಲೇ ಇತ್ತು.

ನವೆಂಬರ್ 29

ಪೂವಯ್ಯ ಹೊರಟ. ಒಂದು ಟ್ರಂಕು, ಒಂದು ಹಾಸಿಗೆ. ಹೇಳಿ ಹೋಗಲು ಬಂದ, ಬೊಳ್ಳಮ್ಮ ದಾರಿಗೆ ಬುತ್ತಿ ಕಟ್ಟಿಕೊಟ್ಟಳು.

“ಕೊಡ್ಲಿಪೇಟೆಲಿ ಮಕ್ಕಳದ್ದ್ ಹಾಸನದ ಕಡೆ ಮಾತಂತೆ ಅಜ್ಜ. ಮೊದ್ಲ್ ನಾ ಅದ್ನ ಕಲಿಯೊಕು.”

ಅಷ್ಟೇ ಅಂದ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಲಿಗೆ ನಮಸ್ಕಾರ ಮಾಡಿಬಿಟ್ಟ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಡಿಸೆಂಬರ್ 10

ಹೊಸ ಮಾಷ್ಟ್ರು ಬಂದಿದ್ದಾರೆ. ರಸ್ತೆಗೆ ಕೇಳುತ್ತದೆ ರಾಗ. ಅರವತ್ತು ವರ್ಷದ ಹಿಂದೆ ನಾನೂ ಹೀಗೇ ಕೂಗಿದ್ದೆ, ಮರಳಿನ ಮೇಲೆ ಬೆರಳಿಟ್ಟು, ಕಿವಿ ಹಿಂಡಿಸಿಕೊಂಡು. ಆ ಪದ್ಯಗಳು ಇಂದಿಗೂ ಬಾಯಲ್ಲಿವೆ. ಅರ್ಧಕ್ಕೆ ಅರ್ಥ ಇಂದಿಗೂ ಗೊತ್ತಿಲ್ಲ.

ಒಳಗೆ ಹೋಗಿ ಪೂವಯ್ಯನ ಕ್ರಮದ ಬಗ್ಗೆ ಎರಡು ಮಾತು ಹೇಳಿದೆ. ಮೆಲ್ಲಗೇ ಹೇಳಿದೆ. ಹೊಸಬರು ಕೈಮುಗಿದರು: “ನಾನು ಹೆಂಡತಿ ಮಕ್ಕಳಿರುವವನು. ನನ್ನನ್ನು ಬಿಟ್ಟುಬಿಡಿ ಸ್ವಾಮಿ.”

ಮುದ್ದಿ ಮತ್ತೆ ಗೋಡೆಗಂಟಿ ಕೂತಿದ್ದಾಳೆ.

ಡಿಸೆಂಬರ್ 16

ಬೊಳ್ಳಮ್ಮನ ಉಪಾಯ. ಶಾಲೆ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುವುದು. ಬೆಲ್ಲ ಅವಳ ಲೆಕ್ಕ, ಪಾಠ ನನ್ನ ಲೆಕ್ಕ. ಐದು ಮಕ್ಕಳು ಬಂದರು. ಮಾಸಪತ್ರಿಕೆಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದೆ. ಕಾವೇರಿಯ ಬಗ್ಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಡಿಸೆಂಬರ್ 18

ಮೂವರು. ಇಬ್ಬರು ಬೆಲ್ಲ ತಿಂದು ಓಡಿದರು.

ಡಿಸೆಂಬರ್ 21

ಮುದ್ದಿ ಒಬ್ಬಳೇ.

ಬಾಯಿ ತೆರೆದಳು, ಮುಚ್ಚಿದಳು. ಏನು ಮಗು ಅಂದೆ.

“ನೀವು ಹೇಳ್ತಾನೇ ಇದ್ರೆ ನಂಗೆ ಎಂತ ಕೇಳೊಕುಂತ ಇತ್ತೊ ಅದೇ ಮರ್ತ್ ಹೋತ್, ಅಜ್ಜ.”

“ಪೂವಯ್ಯ ಮಾಷ್ಟ್ರು ಏನು ಮಾಡುತ್ತಿದ್ದರು?”

“ಅವು ಸುಮ್ನೆ ಇರ್ತಿದ್ದೊ.”

ಓದಿದ್ದೆಲ್ಲ ಓದಿದ್ದೇ. ಮಗುವಿನ ಮುಂದೆ ಕೂತರೆ ನನ್ನ ಬಾಯಿಂದ ಬರುವುದು ಆ ಹಳೆಯ ಮಾಷ್ಟ್ರೇ. ಬೆತ್ತ ಇಲ್ಲ, ಅಷ್ಟೇ ವ್ಯತ್ಯಾಸ. ಇನ್ಸ್‌ಪೆಕ್ಟರರಿಗೆ ಪಾಠ ಹೇಳಹೋದವನು ನಾನು!

1936 ಜನವರಿ 4

ಕೆಂಚಿ ಬಂದಿದ್ದಳು. ನಾಳೆ ಮಗಳನ್ನೂ ಕರೆದುಕೊಂಡು ಎಸ್ಟೇಟಿಗೆ, ಕಾಫಿ ಪಿಕ್ಕಿಂಗ್‌ಗೆ. ಅಲ್ಲೇ ಕೂಲಿಗಳ ಲೈನ್‌ಮನೆಯಲ್ಲಿ ಇರುವುದು. ಬೇಡ ಅನ್ನಲು ಹೋದೆ.

“ಪೂವಯ್ಯ ಮಾಷ್ಟ್ರು ಇದ್ದಿದ್ರೆ ನಾ ಇವಳ್ನ ಬಿಟ್ಟ್ ಹೋತಿದ್ದೆ ಅಯ್ಯ. ಈಗ ಆ ಶಾಲೆಲಿ ಎಂತ ಉಟ್ಟು? ಗೂಡೆ ರಾತ್ರಿ ಎದ್ದ್ ಕಣ್ಣೀರ್ ಹಾಕಿ ಮರ್ಡುದೆ.”

ತಲೆ ತಗ್ಗಿಸಿದೆ. ಕೊನೆಯ ದಿನ, ಸಂಜೆವರೆಗೆ ಇರಲಿ ಅಂದೆ. ಬಿಟ್ಟುಹೋದಳು.

ಇವತ್ತು ಪತ್ರಿಕೆ ತೆಗೆಯಲಿಲ್ಲ. ಏನು ಕೇಳಬೇಕೋ ಕೇಳು ಎಂದು ಸುಮ್ಮನೆ ಕೂತೆ. ನನ್ನ ನಾಲಿಗೆ ಎರಡು ಸಲ ಎದ್ದಿತು, ಕಚ್ಚಿ ಹಿಡಿದೆ.

“ಅಜ್ಜ, ಕಾವೇರಿ ಇಲ್ಲೇ ಹತ್ರ ಹುಟ್ಟುದು ಅಲ್ಲಾ? ಮತ್ತೆ ನಮ್ಮ ಹೊಳೆ ಏಕೆ ಅದ್ರೊಟ್ಟಿಗೆ ಹೋತ್ಲೆ? ಏಕೆ ಮಲೆಯಾಳಕ್ಕೆ ಇಳ್ದದೆ?”

ಉತ್ತರ ಪೂರ್ತಿ ಬಾಯಲ್ಲಿತ್ತು. ಬೆಟ್ಟದ ಏಣು, ಪೂರ್ವ, ಪಶ್ಚಿಮ, ಎರಡು ಸಮುದ್ರ. ಮ್ಯಾಪು ಕೂಡ ಒಳಗೆ ಪೆಟ್ಟಿಗೆಯಲ್ಲಿದೆ.

“ಗೊತ್ಲೆ ಮಗು” ಅಂದೆ. ಗೊತ್ತಿಲ್ಲ ಎನ್ನಲು ಎಷ್ಟು ಕಷ್ಟ! “ನಿಂಗೆ ಎಂತ ಕಂಡದೆ?”

ನನ್ನ ಮುಖವನ್ನೇ ನೋಡಿದಳು. ಅಂಗಳ ನೋಡಿದಳು. ಗೋಡೆ ಮೆತ್ತಲು ತಂದು ಸುರಿದ ಮಣ್ಣಿನ ರಾಶಿ ಇತ್ತು ಅಲ್ಲಿ. ಜಗಲಿಯ ಚೊಂಬು ಎತ್ತಿಕೊಂಡು ಇಳಿದಳು. ಎರಡೂ ಕೈಯಿಂದ ರಾಶಿಯ ನೆತ್ತಿ ತಟ್ಟಿ ತಟ್ಟಿ ಚೂಪು ಮಾಡಿದಳು. ಕೆಂಚಿ ಆಗಲೇ ಗೇಟಿನ ಹತ್ತಿರ ಬಂದು ಕೂಗುತ್ತಿದ್ದಳು. ಮುದ್ದಿ ಚೊಂಬು ಬಗ್ಗಿಸಿದಳು. ನೀರು ಒಂದು ಕ್ಷಣ ನೆತ್ತಿಯ ಮೇಲೆ ನಿಂತಂತೆ ಕಂಡಿತು, ಆಮೇಲೆ ಈ ಕಡೆಗೆ ಒಂದು, ಆ ಕಡೆಗೆ ಒಂದು, ಎರಡು ಹೊಳೆಯಾಗಿ ಇಳಿಯಿತು.