ಸೊಸೆ ಕೊಟ್ಟು ಹೋದ ಡಬ್ಬಿ

ಮನೆಯಿಂದ, ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಮಗಳೇ,

ಸೊಸೆ ಎಂದು ಬರೆದರೆ ನಿನ್ನ ಅತ್ತೆ ಸುಮ್ಮನಿರುವುದಿಲ್ಲ, ಅದಕ್ಕೇ ಮಗಳೇ ಎಂದೆ. ಹೇಗಿದ್ದೀಯ? ನರ್ಸುಗಳ ಹಾಸ್ಟೆಲಿನಲ್ಲಿ ಸೊಳ್ಳೆ ಕಾಟ ಎಂದಿದ್ದೆ, ಪರದೆ ಸಿಕ್ಕಿತೇ? ನಿಮ್ಮ ಆಸ್ಪತ್ರೆಯವರು ಕಳಿಸಿದ ತರಬೇತಿಯ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಅಡುಗೆ ಮಾಡಲು ಕಲಿಯುತ್ತಿದ್ದಾನೆ, ನಾವು ಅದನ್ನು ತಿನ್ನಲು ಕಲಿಯುತ್ತಿದ್ದೇವೆ.

ನನ್ನ ಕರುಳಿನ ಸುದ್ದಿಯನ್ನು ಅವನು ಫೋನಿನಲ್ಲಿ ಹೇಳಿರುತ್ತಾನೆ. ನಾನು ಹೇಳಬೇಕಾದ ಮಾತು ಮಾತ್ರ ಫೋನಿನಲ್ಲಿ ಆಡಲಾಗಲಿಲ್ಲ, ಅದಕ್ಕೇ ಈ ಕಾಗದ. ನೀನು ಹೊರಡುವ ದಿನ ಆ ಪುಟ್ಟ ಡಬ್ಬಿ ಕೊಟ್ಟು, ಮಲದ ಮಾದರಿ ತುಂಬಿ ಆಸ್ಪತ್ರೆಗೆ ಕೊಡಿ ಎಂದಾಗ ನಾಚಿಕೆಯಿಂದ ನೀರಾಗಿದ್ದೆ. ಮಾವನ ಹತ್ತಿರ ಸೊಸೆ ಆಡುವ ಮಾತೇ ಇದು ಎಂದು ಸಿಟ್ಟೂ ಬಂದಿತ್ತು. ಗಟ್ಟಿಮುಟ್ಟಾಗಿದ್ದೇನೆ, ನನಗೇನಾಗಿದೆ ಎಂದೆ. ನೀನು ದನಿ ಏರಿಸಲಿಲ್ಲ. "ಏನೂ ಆಗದೇ ಇರುವಾಗಲೇ ಮಾಡಿಸೋ ಪರೀಕ್ಷೆ ಮಾವ ಇದು" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಡಬ್ಬಿ ಕಪಾಟಿನಲ್ಲೇ ಧೂಳು ಹಿಡಿಯುತ್ತಿತ್ತು. ಚಪ್ಪಲಿ ಮೆಟ್ಟುತ್ತಾ, "ದಿನಾ ಎಷ್ಟೋ ರೋಗಿಗಳನ್ನ ಈ ಪರೀಕ್ಷೆಗೆ ಒಪ್ಪಿಸ್ತೀನಿ, ನಿಮ್ಮ ಹತ್ರ ಬಾಯಿ ಬಿಡೋಕೆ ನನಗೆ ಎರಡು ವರ್ಷ ಬೇಕಾಯ್ತು" ಎಂದೆಯಲ್ಲ, ನಿನಗೂ ನನ್ನಷ್ಟೇ ಸಂಕೋಚ ಇತ್ತೆಂದು ಆಗ ತಿಳಿಯಿತು. ಮರುದಿನವೇ ಡಬ್ಬಿ ಕೊಟ್ಟು ಬಂದೆ.

ರಕ್ತದ ಅಂಶ ಇದೆ, ಕ್ಯಾಮೆರಾ ಹಾಕಿ ನೋಡಬೇಕು ಎಂದರು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು ನಾನು ಓಡಾಡಿದ್ದೇ ಓಡಾಡಿದ್ದು. ನಿನ್ನ ಅತ್ತೆ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ನಗುತ್ತಿದ್ದಳು. ನಗು ನಿಂತಾಗಲೆಲ್ಲ ಅಳುತ್ತಿದ್ದಾಳೆ ಎಂದು ಒಳಗಿನಿಂದಲೇ ಗೊತ್ತಾಗುತ್ತಿತ್ತು. ಕ್ಯಾಮೆರಾಕ್ಕಾದರೋ ಭಯಪಟ್ಟಿದ್ದೇ ದಂಡ, ಮಂಪರಿನಲ್ಲಿ ಏನೂ ತಿಳಿಯಲಿಲ್ಲ. ಎರಡು ಗಂಟು ಸಿಕ್ಕಿದವು, ಅಲ್ಲೇ ಕತ್ತರಿಸಿ ತೆಗೆದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ. ಯಾರು ಹೇಳಿ ಪರೀಕ್ಷೆ ಮಾಡಿಸಿದಿರಿ ಎಂದು ಡಾಕ್ಟರು ಕೇಳಿದರು. ನಮ್ಮ ಸೊಸೆ ಎಂದೆ. ಹಾಗೆನ್ನುವಾಗ ಎಷ್ಟು ಹೆಮ್ಮೆಯಾಯಿತು ಗೊತ್ತೇ?

ಈಗ ಮತ್ತೆ ಕ್ಷೌರದಂಗಡಿ ತೆರೆದಿದ್ದೇನೆ. ಬೆಳಿಗ್ಗೆ ಕನ್ನಡಿ ಒರೆಸುವಾಗ ಅದರಲ್ಲಿ ಕಾಣುವ ಮುದುಕನನ್ನು ನೋಡಿ, ಇವನನ್ನು ಉಳಿಸಿದವಳು ನೀನು ಎಂದುಕೊಳ್ಳುತ್ತೇನೆ. ನಿನ್ನ ಕೈಗುಣ ಹೀಗೇ ಇರಲಿ, ನೂರು ಮನೆಗೆ ಬೆಳಕಾಗಲಿ.

ಇತಿ,
ನಿನ್ನ ಮಾವ

ಇನ್ನೊಂದು ಮಾತು: ನಿನ್ನೆ ನಿನ್ನ ಅಪ್ಪ ಕಟಿಂಗಿಗೆ ಬಂದಿದ್ದರು. ನನ್ನ ಕಥೆಯೆಲ್ಲ ಹೇಳಿದೆ. ಅವರು ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನು ತಾವೇ ಬಿಚ್ಚುತ್ತಾ, "ನನಗೂ ಮೂರು ತಿಂಗಳಿಂದ ರಕ್ತ ಹೋಗ್ತಿದೆ ಬೀಗರೇ. ಮೂಲವ್ಯಾಧಿ ಅಂದ್ಕೊಂಡಿದ್ದೆ. ಮಗಳಿಗೆ ಹೇಗೆ ಹೇಳೋದು" ಎಂದರು. ನಾಳೆಯೇ ಅಂಗಡಿ ಮುಚ್ಚಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಿನಗೆ ಫೋನಿನಲ್ಲಿ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಾರೆ, ಕಾಗದದ ವಿಷಯ ಎತ್ತಲಿಲ್ಲ. ಇದು ಕೈಸೇರಿದ ಕೂಡಲೇ ಅವರಿಗೆ ಫೋನು ಮಾಡು. ಬಯ್ಯಬೇಡ. ಅಪ್ಪಾ ಎಂದು ಕರೆದು ಸುಮ್ಮನಿರು, ಉಳಿದದ್ದನ್ನು ಅವರೇ ಹೇಳುತ್ತಾರೆ.